ಹುಟ್ಟು, ವಲಸೆ ಮತ್ತು ಅತ್ಯುನ್ನತ ಪದವಿ: ಒಂದು ಚಾರಿತ್ರಿಕ ಪರಿಶೀಲನೆ

ಭಾರತ ಸಂವಿಧಾನದ 58ನೆಯ ಅನುಚ್ಛೇದವು ರಾಷ್ಟ್ರಪತಿ ಪದವಿಗೆ ಬೇಕಾದ ಅರ್ಹತೆಗಳನ್ನು ಮೂರು ಮಾತುಗಳಲ್ಲಿ ಹೇಳಿ ಮುಗಿಸುತ್ತದೆ. ಅಭ್ಯರ್ಥಿಯು ಭಾರತದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆಯುಳ್ಳವರಾಗಿರಬೇಕು. ಲಾಭದಾಯಕ ಹುದ್ದೆಯಲ್ಲಿರಬಾರದೆಂಬ ನಿರ್ಬಂಧ ಬೇರೆ. ಪೌರತ್ವವು ಹುಟ್ಟಿನಿಂದ ಬಂದದ್ದೋ ನೋಂದಣಿಯಿಂದ ಬಂದದ್ದೋ ಎಂದು ಈ ಅನುಚ್ಛೇದ ಕೇಳುವುದಿಲ್ಲ. ಪ್ರಧಾನಮಂತ್ರಿಯ ವಿಷಯದಲ್ಲಂತೂ ಪ್ರತ್ಯೇಕ ಅರ್ಹತೆಯನ್ನೇ ವಿಧಿಸಿಲ್ಲ. ಸಂಸತ್ತಿನ ಸದಸ್ಯರಾಗಬಲ್ಲವರು ಪ್ರಧಾನಿಯೂ ಆಗಬಲ್ಲರು. ಈ ಮೌನವು ಮರೆವಿನಿಂದ ಆದದ್ದೇ, ತಿಳಿದು ಮಾಡಿದ್ದೇ ಎಂಬ ಪ್ರಶ್ನೆ 1999ರಿಂದ 2004ರವರೆಗೆ ದೇಶವನ್ನು ಕಲಕಿತು. ಅಂದು ಅದು ಒಬ್ಬ ವ್ಯಕ್ತಿಯ ಸುತ್ತ ಬೆಳೆದ ವಾದವಾಗಿದ್ದುದರಿಂದ ಅದರ ಚಾರಿತ್ರಿಕ ಬೇರುಗಳತ್ತ ಹೆಚ್ಚು ಗಮನ ಹರಿಯಲಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವುದು ನಮ್ಮ ಉದ್ದೇಶ.

ಹುಟ್ಟಿನ ನಿರ್ಬಂಧ ಬೇಕೆನ್ನುವವರೆಲ್ಲ ಬೆರಳು ಮಾಡುವುದು ಅಮೆರಿಕದ ಸಂವಿಧಾನದತ್ತ. 1787ರ ಜುಲೈ 25ರಂದು ಜಾನ್ ಜೇ ಅವರು ಜಾರ್ಜ್ ವಾಷಿಂಗ್ಟನ್ನರಿಗೆ ಬರೆದ ಪತ್ರದಲ್ಲಿ, ಸೇನೆಯ ಸರ್ವೋಚ್ಚ ಅಧಿಕಾರವು ಹುಟ್ಟಿನಿಂದ ಪ್ರಜೆಯಾದವರಿಗಲ್ಲದೆ ಅನ್ಯರಿಗೆ ಸಲ್ಲಬಾರದೆಂದು ಸೂಚಿಸಿದ್ದರು. ಯುರೋಪಿನ ರಾಜಮನೆತನಗಳು ಇನ್ನೊಂದು ದೇಶದ ಗದ್ದುಗೆಯ ಮೇಲೆ ಕಣ್ಣಿಡುವುದು ಆ ಕಾಲದಲ್ಲಿ ಬರಿಯ ಕಲ್ಪನೆಯಾಗಿರಲಿಲ್ಲ. ನೆರೆಯ ಮೂರು ದೊರೆತನಗಳು 1772ರಲ್ಲಿ ಪೋಲೆಂಡಿನ ನೆಲವನ್ನು ಹಂಚಿಕೊಂಡಿದ್ದವು. ಆದ್ದರಿಂದ ಅಧ್ಯಕ್ಷರು ಹುಟ್ಟಿನಿಂದಲೇ ಪ್ರಜೆಯಾಗಿರಬೇಕೆಂಬ ಮಾತು ಆ ಸಂವಿಧಾನದಲ್ಲಿ ಸೇರಿತು. ಆದರೆ ಅದರ ಪಕ್ಕದಲ್ಲಿಯೇ ಇರುವ ವಿನಾಯಿತಿಯನ್ನು ನಮ್ಮಲ್ಲಿ ಉಲ್ಲೇಖಿಸುವವರು ಕಡಿಮೆ. ಸಂವಿಧಾನವನ್ನು ಅಂಗೀಕರಿಸಿದ ಕಾಲದಲ್ಲಿ ಪ್ರಜೆಯಾಗಿದ್ದವರಿಗೆ ಈ ಷರತ್ತು ಅನ್ವಯಿಸುವುದಿಲ್ಲ. ಬೇರೆ ದಾರಿಯೂ ಇರಲಿಲ್ಲ. 1776ರಲ್ಲಿ ಸ್ವತಂತ್ರವಾದ ದೇಶದಲ್ಲಿ ಹುಟ್ಟಿ 1789ರ ಹೊತ್ತಿಗೆ 35 ವರ್ಷ ತುಂಬಿದವರು ಎಲ್ಲಿಂದ ಸಿಗಬೇಕು? ಮೊದಲ ಏಳು ಅಧ್ಯಕ್ಷರೂ ಬ್ರಿಟಿಷ್ ದೊರೆಯ ಪ್ರಜೆಗಳಾಗಿಯೇ ಹುಟ್ಟಿದವರು. ಸ್ವಾತಂತ್ರ್ಯಾನಂತರ, 1782ರಲ್ಲಿ, ಹುಟ್ಟಿದ ಮಾರ್ಟಿನ್ ವ್ಯಾನ್ ಬ್ಯೂರನ್ ಅಧ್ಯಕ್ಷರಾದದ್ದು 1837ರಲ್ಲಿ. ವೆಸ್ಟ್ ಇಂಡೀಸಿನ ನೀವಿಸ್ ದ್ವೀಪದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರಿಗೆ ಮುಚ್ಚದಿದ್ದ ಬಾಗಿಲು, ಜರ್ಮನಿಯಲ್ಲಿ ಹುಟ್ಟಿ ವಿದೇಶಾಂಗ ಕಾರ್ಯದರ್ಶಿಯಾದ ಹೆನ್ರಿ ಕಿಸಿಂಜರರಿಗೆ ಮುಚ್ಚಿಯೇ ಉಳಿಯಿತು. 20 ವರ್ಷ ಪೌರತ್ವ ಪಡೆದಿದ್ದವರಿಗೆ ಆ ಬಾಗಿಲನ್ನು ತೆರೆಯಬೇಕೆಂದು ಸೆನೆಟರ್ ಆರಿನ್ ಹ್ಯಾಚ್ 2003ರಲ್ಲಿ ಮಂಡಿಸಿದ ತಿದ್ದುಪಡಿಯೂ ಮುಂದೆ ಸಾಗಲಿಲ್ಲ.

ಜನರಿಗಿಂತ ರಾಜ್ಯ ಕಿರಿಯದಾಗಿರುವಾಗ ಹುಟ್ಟಿನ ನಿಯಮವು ತನ್ನನ್ನು ತಾನೇ ಸಡಿಲಿಸಿಕೊಳ್ಳಬೇಕಾಗುತ್ತದೆ. ಫಿಲಡೆಲ್ಫಿಯಾದಲ್ಲಿ ಒಂದು ಉಪವಾಕ್ಯದಿಂದ ತೀರಿದ ಈ ತೊಡಕು ದೆಹಲಿಯ ಸಂವಿಧಾನ ಸಭೆಯ ಮುಂದೆ ಲಕ್ಷಾಂತರ ನಿರಾಶ್ರಿತರ ರೂಪದಲ್ಲಿ ನಿಂತಿತ್ತು. 1949ರ ಆಗಸ್ಟಿನಲ್ಲಿ ಪೌರತ್ವದ ಅನುಚ್ಛೇದಗಳನ್ನು ಮಂಡಿಸುತ್ತ ಅಂಬೇಡ್ಕರರು, ಇನ್ನೊಂದನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ಭಾಗ ಬೇರಿಲ್ಲವೆಂದು ಹೇಳಿಕೊಂಡರು. ಪಂಜಾಬರಾವ್ ದೇಶಮುಖರಿಗೆ ಕರಡಿನ ಪೌರತ್ವ ತೀರ ಅಗ್ಗವಾಗಿ ಕಂಡಿತು. ಬೇರೆ ದೇಶದ ಪ್ರಜೆಯಾಗಿರದ ಪ್ರತಿಯೊಬ್ಬ ಹಿಂದೂ ಮತ್ತು ಸಿಖ್ಖನಿಗೆ ಧರ್ಮದ ಆಧಾರದ ಮೇಲೆಯೇ ಪೌರತ್ವ ಸಲ್ಲಬೇಕೆಂಬುದು ಅವರ ಸೂಚನೆ. ಸಭೆ ಅದನ್ನು ಒಪ್ಪಲಿಲ್ಲ. ಇದಕ್ಕೆ ಎರಡು ವರ್ಷ ಮೊದಲೇ, 1947ರ ಏಪ್ರಿಲಿನಲ್ಲಿ, ವಲ್ಲಭಭಾಯಿ ಪಟೇಲರು ಸಂಕುಚಿತ ರಾಷ್ಟ್ರೀಯತೆ ಮತ್ತು ವಿಶಾಲ ರಾಷ್ಟ್ರೀಯತೆ ಎಂಬ ಎರಡು ಬಗೆಗಳನ್ನು ವಿಂಗಡಿಸಿ, ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಭಾರತೀಯರಿಗಾಗಿ ನಾವು ಕೇಳುತ್ತಿರುವುದನ್ನು ನಮ್ಮ ನೆಲದಲ್ಲಿ ಇತರರಿಗೆ ನಿರಾಕರಿಸಲಾಗದೆಂಬ ನಿಲುವನ್ನು ತಾಳಿದ್ದರು. ಅವರು ಅಂದು ಮಾತನಾಡುತ್ತಿದ್ದುದು ಪೌರತ್ವದ ಬಗೆಗೇ ಹೊರತು ಪದವಿಯ ಬಗೆಗಲ್ಲ ಎಂಬುದನ್ನು ಮರೆಯಬಾರದು. ಆದರೂ ಪದವಿಯ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಹುಟ್ಟುತ್ತದೆ.

6ನೆಯ ಅನುಚ್ಛೇದವನ್ನು ಗಮನವಿಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ. ಪಾಕಿಸ್ತಾನಕ್ಕೆ ಸೇರಿದ ಪ್ರದೇಶದಿಂದ ವಲಸೆ ಬಂದವರು ಯಾವಾಗ ಭಾರತದ ನಾಗರಿಕರಾಗುತ್ತಾರೆಂಬುದನ್ನು ಅದು ಹೇಳುತ್ತದೆ. 1948ರ ಜುಲೈ 19ಕ್ಕೆ ಮುಂಚೆ ಬಂದು ಅಂದಿನಿಂದ ಇಲ್ಲಿ ನೆಲೆಸಿದವರಿಗೆ ಒಂದು ದಾರಿ. ಆ ಬಳಿಕ ಬಂದವರಿಗೆ ಆರು ತಿಂಗಳ ವಾಸ ಮತ್ತು ನೋಂದಣಿ. ಅವರಾಗಲಿ, ತಂದೆತಾಯಿಗಳಲ್ಲಿ ಒಬ್ಬರಾಗಲಿ, ಅಜ್ಜ-ಅಜ್ಜಿಯರಲ್ಲಿ ಒಬ್ಬರಾಗಲಿ ‘ಭಾರತ’ದಲ್ಲಿ ಹುಟ್ಟಿರಬೇಕು. ಆದರೆ ಈ ಭಾರತ ಯಾವುದು? 1935ರ ಕಾಯಿದೆಯ ಭಾರತ. ಎಂದರೆ ಲಾಹೋರ್, ಕರಾಚಿ, ಢಾಕಾ ಎಲ್ಲವೂ ಒಳಗೊಂಡ, ಆ ಹೊತ್ತಿಗೆ ಇಲ್ಲವಾಗಿದ್ದ ಭೂಪಟ. ಹುಟ್ಟು ಇಲ್ಲಿ ಒಳಗೆ ಕರೆದುಕೊಳ್ಳುವ ಬಾಗಿಲೇ ಹೊರತು ಒಳಗಿದ್ದವರಲ್ಲಿ ಮೇಲುಕೀಳು ಮಾಡುವ ಗೋಡೆಯಲ್ಲ. ಪೌರತ್ವದ ಅನುಚ್ಛೇದಗಳು ಉಳಿದ ಭಾಗಕ್ಕಿಂತ ಎರಡು ತಿಂಗಳು ಮುಂಚಿತವಾಗಿ, 1949ರ ನವೆಂಬರ್ 26ರಂದೇ, ಜಾರಿಗೆ ಬಂದವು. ಹೀಗೆ ನಮ್ಮ ಗಣರಾಜ್ಯ ಆರಂಭವಾಗುವ ಮೊದಲೇ ವಲಸಿಗರು ಅದರ ನಾಗರಿಕರಾಗಿದ್ದರು. ಅವರನ್ನು ನಾಗರಿಕರೆಂದು ಎಣಿಸಿದ ಸಭೆಯೇ 58ನೆಯ ಅನುಚ್ಛೇದದಲ್ಲಿ ಹುಟ್ಟಿನ ಷರತ್ತನ್ನು ಸೇರಿಸಿದ್ದರೆ, ಅವರನ್ನು ಒಂದು ಕೈಯಿಂದ ಕರೆದು ಇನ್ನೊಂದು ಕೈಯಿಂದ ತಡೆದಂತಾಗುತ್ತಿತ್ತು. ಝೇಲಂನಲ್ಲಿ ಹುಟ್ಟಿದ ಇಂದ್ರಕುಮಾರ್ ಗುಜ್ರಾಲ್ 1997ರಲ್ಲಿ ಪ್ರಧಾನಿಯಾದಾಗ, ಕರಾಚಿಯಲ್ಲಿ ಹುಟ್ಟಿದ ಲಾಲ್‌ಕೃಷ್ಣ ಅಡ್ವಾಣಿ 2002ರಲ್ಲಿ ಉಪಪ್ರಧಾನಿಯಾದಾಗ ಯಾರೂ ಜನನ ಪತ್ರವನ್ನು ಕೇಳಲಿಲ್ಲ. ಮೊದಲ ಶಿಕ್ಷಣ ಮಂತ್ರಿ ಮೌಲಾನಾ ಆಜಾದರು ಹುಟ್ಟಿದ್ದಂತೂ ಮಕ್ಕಾದಲ್ಲಿ.

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿ ಬಂದ ಮೇಲೆ ಮಹಾರಾಜರ ಕೆಳಗಿನ ಅತ್ಯುನ್ನತ ಪದವಿಯಾದ ದಿವಾನಗಿರಿ ಮದರಾಸು ಪ್ರಾಂತದಿಂದ ಬಂದವರ ಕೈಯಲ್ಲಿತ್ತು. ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ರಂಗಾಚಾರ್ಲು, ಅವರ ನಂತರ 1883ರಿಂದ 1901ರವರೆಗೆ ಆಳಿದ ಶೇಷಾದ್ರಿ ಅಯ್ಯರ್, ಇಬ್ಬರೂ ಹೊರಗಿನವರು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಎದ್ದದ್ದು ಈ ಸಂದರ್ಭದಲ್ಲಿ. ದೊಡ್ಡ ಹುದ್ದೆಗಳೆಲ್ಲ ಹೊರಗಿನಿಂದ ತುಂಬಿದಾಗ ಓದಿದ ಸ್ಥಳೀಯನಿಗಾಗುವ ಅನ್ಯಾಯ ನಿಜವಾದದ್ದು. ಅದನ್ನು ಬರಿಯ ಅಸೂಯೆಯೆಂದು ತಳ್ಳಿಹಾಕುವವರೊಡನೆ ನಮ್ಮ ಸಹಮತವಿಲ್ಲ. ಆದರೆ 1912ರಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿ ಆ ಕೂಗು ಈಡೇರಿದ ಕೆಲವೇ ವರ್ಷಗಳಲ್ಲಿ, ‘ಮೈಸೂರಿನವರು’ ಎಂದರೆ ಯಾರು ಎಂಬ ಇನ್ನೂ ಆಳವಾದ ಪ್ರಶ್ನೆಯನ್ನು ಬ್ರಾಹ್ಮಣೇತರ ಚಳವಳಿ ಎತ್ತಿತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು; ಅದೇ ವರ್ಷ ವಿಶ್ವೇಶ್ವರಯ್ಯನವರು ಭಿನ್ನಾಭಿಪ್ರಾಯದಿಂದ ಪದವಿಯನ್ನು ತೊರೆದರು. ಹುಟ್ಟಿನ ನೆಲ ಒಂದೇ ಆದ ಮಾತ್ರಕ್ಕೆ ಅಧಿಕಾರದಲ್ಲಿ ಪಾಲು ದೊರೆಯುವುದಿಲ್ಲವೆಂಬುದು ಆಗ ಬಯಲಾಯಿತು. ಆ ಮನೆತನದ ಹೆಸರಿನಲ್ಲಿರುವ ಮೋಕ್ಷಗುಂಡಂ ಇರುವುದೂ ಆಂಧ್ರದಲ್ಲಿ ಎಂಬುದು ಬೇರೆ ಮಾತು.

ಮಿರ್ಜಾ ಇಸ್ಮಾಯಿಲ್ಲರ ಉದಾಹರಣೆ ಇನ್ನೂ ಕುತೂಹಲಕರ. ಅವರ ಅಜ್ಜ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜಿನಿಂದ ಕುದುರೆ ವ್ಯಾಪಾರಕ್ಕಾಗಿ 1824ರಲ್ಲಿ ಬೆಂಗಳೂರಿಗೆ ಬಂದವರು. ಬೆಂಗಳೂರಿನಲ್ಲಿಯೇ ಹುಟ್ಟಿದ ಮೊಮ್ಮಗ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು; ಮುಂದೆ ಜಯಪುರದಲ್ಲಿಯೂ 1946ರಲ್ಲಿ ಹೈದರಾಬಾದಿನಲ್ಲಿಯೂ ಪ್ರಧಾನಿಯಾದರು. ಒಂದು ಸಂಸ್ಥಾನದಲ್ಲಿ ಮಣ್ಣಿನ ಮಗ, ಇನ್ನೆರಡರಲ್ಲಿ ಹೊರಗಿನವರು. ಸರ್ಕಾರಿ ನೌಕರಿಗಾಗಿ ಹೈದರಾಬಾದಿನಲ್ಲಿದ್ದ ಮುಲ್ಕಿ ನಿಯಮ ಸಹ ಹುಟ್ಟನ್ನಷ್ಟೇ ನೆಚ್ಚಿರಲಿಲ್ಲ. 15 ವರ್ಷ ನೆಲೆಸಿ, ಮರಳಿ ಹೋಗುವ ಯೋಚನೆಯನ್ನು ಬಿಟ್ಟೆನೆಂದು ಪ್ರಮಾಣ ಮಾಡಿದವರೂ ಮುಲ್ಕಿಗಳಾಗಬಹುದಾಗಿತ್ತು.

ಇನ್ನು 1999ಕ್ಕೆ ಬರೋಣ. ಆ ವರ್ಷದ ಏಪ್ರಿಲಿನಲ್ಲಿ ವಾಜಪೇಯಿ ಸರ್ಕಾರ ಒಂದು ಮತದಿಂದ ಬಿದ್ದಿತು. ಇಟಲಿಯಲ್ಲಿ ಹುಟ್ಟಿ, 1968ರಲ್ಲಿ ಮದುವೆಯಾಗಿ ಬಂದು, 1983ರಲ್ಲಿ ನೋಂದಣಿಯ ಮೂಲಕ ಪೌರತ್ವ ಪಡೆದಿದ್ದ ಸೋನಿಯಾ ಗಾಂಧಿಯವರು ಪ್ರಧಾನಿಯಾಗುವ ಸಾಧ್ಯತೆ ಕಾಣಿಸಿತು. ಮೇ ತಿಂಗಳಲ್ಲಿ ಶರದ್ ಪವಾರ್, ಪಿ. ಎ. ಸಂಗ್ಮಾ, ತಾರಿಕ್ ಅನ್ವರ್ ಅವರು ಉನ್ನತ ಪದವಿಗಳು ಹುಟ್ಟಿನಿಂದ ಭಾರತೀಯರಾದವರಿಗೇ ಮೀಸಲಾಗಬೇಕೆಂದು ಪತ್ರ ಬರೆದು ಪಕ್ಷದಿಂದ ಹೊರಬಿದ್ದರು. 1888ರ ಜಾರ್ಜ್ ಯೂಲ್, 1917ರ ಆನಿ ಬೆಸೆಂಟ್ ಮೊದಲಾದ ಹೊರದೇಶೀಯರನ್ನು ಅಧ್ಯಕ್ಷರನ್ನಾಗಿ ಆರಿಸಿದ್ದ ಪಕ್ಷದಲ್ಲಿಯೇ ಈ ವಾದ ಎದ್ದದ್ದು ಗಮನಾರ್ಹ. ಪರಕೀಯ ಆಳ್ವಿಕೆಯ ನೆನಪು ನಮ್ಮ ರಾಜಕೀಯ ಮನಸ್ಸಿನಲ್ಲಿ ಎಷ್ಟು ಆಳದಲ್ಲಿ ಕುಳಿತಿದೆಯೆಂಬುದನ್ನೂ ಅದು ತೋರಿಸುತ್ತದೆ.

ಆ ಚುನಾವಣೆಯ ಒಂದು ಕಣ ಬಳ್ಳಾರಿ. ಸೋನಿಯಾ ಅವರ ವಿರುದ್ಧ ನಿಂತವರು ಅಂಬಾಲಾದಲ್ಲಿ ಹುಟ್ಟಿದ ಸುಷ್ಮಾ ಸ್ವರಾಜ್. ವಿದೇಶಿ ಸೊಸೆ, ಸ್ವದೇಶಿ ಮಗಳು ಎಂಬ ಮಾತು ಪ್ರಚಾರದಲ್ಲಿ ಹರಿದಾಡಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ನಾಡಿನಲ್ಲಿ, ಮನೆತುಂಬಿಸಿಕೊಂಡ ಸೊಸೆಯನ್ನು ಹೊರಗಿನವಳೆನ್ನುವ ಘೋಷಣೆ ಎಷ್ಟರಮಟ್ಟಿಗೆ ನಾಟೀತು! ಸುಷ್ಮಾ ಅವರು ಅಲ್ಪ ಕಾಲದಲ್ಲಿ ಕನ್ನಡ ಕಲಿತು ಕನ್ನಡದಲ್ಲಿಯೇ ಭಾಷಣ ಮಾಡಿದರು, ಜನ ಮೆಚ್ಚಿಕೊಂಡರು. ಹುಟ್ಟೇ ಮುಖ್ಯವೆಂದು ವಾದಿಸಿದ ಪಕ್ಷದ ಅತಿ ಪರಿಣಾಮಕಾರಿ ಅಸ್ತ್ರ ಹುಟ್ಟಿನಿಂದ ಬಾರದ, ಕಲಿತು ಪಡೆದ ಭಾಷೆಯಾಗಿತ್ತು. 1953ರವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿ ಸುಮಾರು 56 ಸಾವಿರ ಮತಗಳ ಅಂತರದಿಂದ ಸೋನಿಯಾ ಅವರನ್ನು ಆರಿಸಿತು. ಅವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರೆಂಬುದು ಬಳ್ಳಾರಿಯವರು ಇಂದಿಗೂ ನೆನೆಯುವಂಥ ಸಂಗತಿ.

ಹುಟ್ಟಿನ ಪರವಾದ ವಾದದ ತಿರುಳು ನಿಷ್ಠೆ. ಸೇನೆ, ಪರರಾಷ್ಟ್ರ ಸಂಬಂಧ, ಯುದ್ಧದ ತೀರ್ಮಾನಗಳು ಎರಡು ದೇಶಗಳ ನಡುವೆ ಮನಸ್ಸು ಹಂಚಿಹೋದವರ ಕೈಗೆ ಬೀಳಬಾರದೆಂಬ ಆತಂಕವನ್ನು ಹಗುರವಾಗಿ ಕಾಣಲಾಗದು. ಆದರೆ ಹುಟ್ಟಿದ ಸ್ಥಳ ನಿಷ್ಠೆಗೆ ಸಾಕ್ಷಿಯೇ? ಈ ಚರ್ಚೆ ಕಾವೇರಿದ್ದ 1999ರ ಬೇಸಗೆಯಲ್ಲಿಯೇ ಕಾರ್ಗಿಲ್ ಯುದ್ಧ ನಡೆಯಿತು. ಎದುರು ಸೇನೆಯ ಮುಖ್ಯಸ್ಥರಾಗಿದ್ದ ಪರ್ವೇಜ್ ಮುಷರ್ರಫ್ ಹುಟ್ಟಿದ್ದು ದೆಹಲಿಯಲ್ಲಿ. ಅವರಿಗಿಂತ ಹಿಂದೆ ಪಾಕಿಸ್ತಾನವನ್ನಾಳಿದ ಜಿಯಾ ಉಲ್ ಹಕ್ ಹುಟ್ಟಿದ್ದು ಜಲಂಧರದಲ್ಲಿ. ಎರಡು ಕಡೆಯ ಪೌರತ್ವವನ್ನು ಇಟ್ಟುಕೊಳ್ಳುವುದನ್ನು 9ನೆಯ ಅನುಚ್ಛೇದ ಈಗಾಗಲೇ ತಡೆದಿದೆ. ಅದೂ ಸಾಲದೆಂದರೆ ಪೌರತ್ವ ಪಡೆದು ಇಷ್ಟು ವರ್ಷ ಕಳೆದಿರಬೇಕೆಂಬ ಷರತ್ತನ್ನು ಚರ್ಚಿಸಬಹುದು. ಕಾಲದ ಷರತ್ತನ್ನು ಬಾಳಿ ಪೂರೈಸಬಹುದು. ಹುಟ್ಟಿನ ಷರತ್ತನ್ನು ಪೂರೈಸಲು ಯಾವ ದಾರಿಯೂ ಇಲ್ಲ. ನಮ್ಮ ಒಲವು ಮೊದಲನೆಯದರ ಕಡೆಗೆ, ಅದೂ ಅಗತ್ಯ ಬಿದ್ದರೆ ಮಾತ್ರ.

ಸಂವಿಧಾನದ ಕಾರ್ಯವನ್ನು ಪರಾಮರ್ಶಿಸಲು 2000ದಲ್ಲಿ ನೇಮಕವಾದ ಆಯೋಗಕ್ಕೆ ಕರ್ನಾಟಕದವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು ಅಧ್ಯಕ್ಷರು. ಸಂಗ್ಮಾ ಸದಸ್ಯರಾಗಿದ್ದು, ತಮ್ಮ ಸಲಹೆ ಒಪ್ಪಿಗೆಯಾಗದೆ ಹೊರಬಂದರು. 2002ರ ವರದಿಯು ನಿಷೇಧವನ್ನು ಶಿಫಾರಸು ಮಾಡದೆ, ರಾಷ್ಟ್ರೀಯ ಸಂವಾದದ ಬಳಿಕ ರಾಜಕೀಯ ಪ್ರಕ್ರಿಯೆಯ ಮೂಲಕ ಇದನ್ನು ಆಳವಾಗಿ ಪರಿಶೀಲಿಸಬೇಕೆಂದಿತು. 2004ರ ಮೇ ತಿಂಗಳಲ್ಲಿ ಸೋನಿಯಾ ಅವರು ಪ್ರಧಾನಿ ಪದವಿಯನ್ನು ನಿರಾಕರಿಸಿದರು. ಆ ಸ್ಥಾನಕ್ಕೆ ಬಂದ ಮನಮೋಹನ ಸಿಂಗ್ ಅವರು ಹುಟ್ಟಿದ ಗಾಹ್ ಗ್ರಾಮ ಇಂದಿನ ಪಾಕಿಸ್ತಾನದ ಚಕ್ವಾಲ್ ಜಿಲ್ಲೆಯಲ್ಲಿದೆ. 58ನೆಯ ಅನುಚ್ಛೇದ ಇದ್ದಂತೆಯೇ ಉಳಿದಿದೆ.

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ದೆಹಲಿಯ ಸಂವಿಧಾನ ಸಭೆಯ ಚರ್ಚೆಗಳೊಡನೆ ಇಟ್ಟು, ‘ಹೊರಗಿನವರು’ ಎಂಬ ಪದ ಎರಡರಲ್ಲಿಯೂ ಪಡೆದ ಅರ್ಥಗಳನ್ನು ಹೋಲಿಸುವ ಕೆಲಸಕ್ಕೆ ಹೊರನಾಡಿನ ಸಂಶೋಧಕರು ತೊಡಗಬಹುದು. 1999ರ ಬಳ್ಳಾರಿ ಚುನಾವಣೆಯ ಕನ್ನಡ ಪತ್ರಿಕಾ ವರದಿಗಳೂ ಆ ಅಧ್ಯಯನದೊಳಗೆ ಸೇರಬೇಕು.