ನಾಳಿನ ಕಥೆಗಾರರ ಇಂದಿನ ಬದುಕು

ಇಳಕಲ್ಲು, ಗುಳೇದಗುಡ್ಡಗಳಂತೆ ಕಮತಗಿಯೂ ನೇಕಾರಿಕೆಯ ಊರು. ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತು ಅರಿವೆ ಬಿಚ್ಚಿ ಮಡಿಚುವ ಹುಡುಗನ ಕಾಲುನೋವನ್ನು ಆ ಸೀಮೆಯ ವಾಚಕರಿಗೆ ವಿವರಿಸಿ ಹೇಳಬೇಕಿಲ್ಲ. ಅಂಥ ಅಂಗಡಿಯೊಂದರಿಂದ ಹೊರಬಿದ್ದ ಹುಡುಗನೇ ಮುಂದೆ ಕಾಲವನ್ನು ದಾಟುವ ಯಂತ್ರವನ್ನು ಕಲ್ಪಿಸಿದನೆಂದರೆ ತಮಗೆ ಸೋಜಿಗವೆನಿಸಬಹುದು.

ಆತನೇ ಎಚ್. ಜಿ. ವೆಲ್ಸ್. 1866ರಲ್ಲಿ ಇಂಗ್ಲೆಂಡಿನ ಬಡ ಮನೆಯೊಂದರಲ್ಲಿ ಹುಟ್ಟಿದ ಆತ ಜವಳಿ ಅಂಗಡಿಯ ಚಾಕರಿಗೆ ಬೇಸತ್ತು ಶಾಲೆಯ ಹಾದಿ ಹಿಡಿದನು. 1884ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನಲ್ಲಿ ಹಕ್ಸ್‌ಲೀಯವರಿಂದ ಜೀವಶಾಸ್ತ್ರ ಕಲಿತನು. ಮಾಸ್ತರಿಕೆ ಮಾಡುತ್ತಿರುವಾಗ ಆರೋಗ್ಯ ಕೆಟ್ಟಿತು. ನಿಂತು ಪಾಠ ಹೇಳಲಾರದವನು ಕುಳಿತು ಬರೆಯತೊಡಗಿದನು. 1895ರಲ್ಲಿ ‘ಕಾಲಯಂತ್ರ’ದ ಕಥೆ ಬೆಳಕು ಕಂಡಿತು.

ಅದೇ 1866ರಲ್ಲಿಯೇ ನಮ್ಮ ಬಾಗಲಕೋಟೆಯಲ್ಲಿ ಕೆರೂರ ವಾಸುದೇವಾಚಾರ್ಯರು ಹುಟ್ಟಿದರು. ಅವರು ವಿಜ್ಞಾನ ಕಥೆ ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಹೊಸ ಬಗೆಯ ಕಥೆಗೆ ಕನ್ನಡದಲ್ಲಿ ದಾರಿ ಕಡಿದವರಲ್ಲಿ ಅವರೊಬ್ಬರು. ‘ಇಂದಿರಾ’ ಕಾದಂಬರಿ ಬರೆದರು, ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನನ್ನು ‘ಸುರತನಗರದ ಶ್ರೇಷ್ಠಿ’ಯಾಗಿಸಿದರು, ‘ಶುಭೋದಯ’, ‘ಸಚಿತ್ರ ಭಾರತ’ ಪತ್ರಿಕೆಗಳನ್ನು ನಡೆಸಿದರು. ಇಷ್ಟೆಲ್ಲ ಮಾಡಿದವರ ಹೊಟ್ಟೆಪಾಡಿನ ಉದ್ಯೋಗ ಮಾತ್ರ ವಕೀಲಿ. 1921ರಲ್ಲಿ ಅವರು ತೀರಿಕೊಂಡರು.

ಇಬ್ಬರೂ ಒಂದೇ ವರ್ಷದ ಕೂಸುಗಳು. ಒಬ್ಬನು ಲೇಖನಿಯಿಂದಲೇ ಬದುಕಿದ. ಇನ್ನೊಬ್ಬರು ಕೋರ್ಟಿನ ಕೆಲಸ ಮುಗಿಸಿ ಲೇಖನಿ ಹಿಡಿಯಬೇಕಾಯಿತು. ಇದು ಪ್ರತಿಭೆಯ ಅಂತರವೆಂದು ಬಗೆಯಬೇಡಿರಿ. 1870ರ ಶಿಕ್ಷಣ ಕಾನೂನಿನ ತರುವಾಯ ಇಂಗ್ಲೆಂಡಿನಲ್ಲಿ ಓದಬಲ್ಲ ಜನ ಹೆಚ್ಚಿದರು. ಅವರಿಗಾಗಿ ಅಗ್ಗದ ಮಾಸಪತ್ರಿಕೆಗಳು ಹುಟ್ಟಿದವು. ಅವು ಕಥೆಗೆ ಹಣ ಕೊಟ್ಟವು. ನಮ್ಮಲ್ಲಿ ಓದುಗರೂ ಕಡಿಮೆ, ಕೊಳ್ಳುವವರಂತೂ ಇನ್ನೂ ಕಡಿಮೆ.

ಚಿತ್ರಕಾರರ ಪಾಡು ಇದಕ್ಕಿಂತ ಬಿಗಿಯಾದದ್ದು. ಮಂಗಳಗ್ರಹದವರು ಭೂಮಿಗೆ ದಾಳಿಯಿಡುವ ವೆಲ್ಸನ ಕಥೆಗೆ ಬ್ರೆಜಿಲ್ ದೇಶದ ಆಲ್ವಿಂ ಕೊರಿಯಾ ಬರೆದ ಚಿತ್ರಗಳು 1906ರಲ್ಲಿ ಬೆಲ್ಜಿಯಮ್ಮಿನಲ್ಲಿ ಅಚ್ಚಾದವು. ತೆಗೆದ ಪ್ರತಿಗಳು ಕೇವಲ 500. ಕ್ಷಯದಿಂದ ಆತ 1910ರಲ್ಲಿ, 34ನೆಯ ವಯಸ್ಸಿಗೇ ಕಣ್ಣು ಮುಚ್ಚಿದನು. ಅದೇ ಕಥೆ 1938ರ ಅಕ್ಟೋಬರ್ 30ರಂದು ಅಮೆರಿಕೆಯ ರೇಡಿಯೋದಲ್ಲಿ ವಾರ್ತೆಯ ರೂಪದ ನಾಟಕವಾಗಿ ಬಂದಾಗ, ಕೆಲವು ಕೇಳುಗರು ಅದನ್ನು ನಿಜವೆಂದೇ ನಂಬಿ ಗಾಬರಿಗೊಂಡರು. ಮಾತಿನ ಬಲ ಎಷ್ಟೆಂಬುದನ್ನು ರೇಡಿಯೋ ಇರುವ ಮನೆಯವರಾದ ತಾವು ಬಲ್ಲಿರಿ.

1938ರಲ್ಲಿಯೇ ಕೊಲ್ಲಾಪುರದಲ್ಲಿ ಜಯಂತ ನಾರಳೀಕರರು ಹುಟ್ಟಿದರು. ಖಗೋಲ ವಿಜ್ಞಾನಿಯಾಗಿ ಹೆಸರಾದ ಮೇಲೆ, 1974ರಲ್ಲಿ, ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ಕೃಷ್ಣವಿವರ’ವನ್ನು ಕಳಿಸಿದರು. ತಮ್ಮ ಕೀರ್ತಿ ತೀರ್ಪುಗಾರರ ಮೇಲೆ ಪ್ರಭಾವ ಬೀರಬಾರದೆಂದು ಹೆಸರಿನ ಮೊದಲಕ್ಷರಗಳನ್ನು ತಿರುವಿ ‘ನಾರಾಯಣ ವಿನಾಯಕ ಜಗತಾಪ’ ಎಂದು ಬರೆದುಕೊಂಡರು. ಬಹುಮಾನ ಕಥೆಗೇ ಬಂದಿತು, ಹೆಸರಿಗಲ್ಲ. 2025ರಲ್ಲಿ ಅವರು ನಿಧನರಾದರು. ಅವರಿಗೂ ಅನ್ನ ಕೊಟ್ಟದ್ದು ವಿಜ್ಞಾನವೇ ಹೊರತು ಕಥೆಯಲ್ಲ.

ಕನ್ನಡದಲ್ಲಿ ಈ ಬೆಳೆ ತಡವಾಗಿ ಬಂದಿತಾದರೂ ಬರದೇ ಹೋಗಲಿಲ್ಲ. ಧಾರವಾಡದ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿಗಳಿಂದಲೇ ಹೆಸರಾದರು. ಅವರ ಹಿಂದೆ ಇನ್ನೂ ಕೆಲವರು ಬಂದರು.

ನಾಟಕಕ್ಕೆ ಚೀಟಿ ಕೊಂಡು ಕಂಪನಿಗಳನ್ನು ಸಾಕಿದ ಸೀಮೆ ನಮ್ಮದು. ಕಮತಗಿಯ ಹೆಸರು ಹೊತ್ತ ಹುಚ್ಚೇಶ್ವರ ನಾಟ್ಯ ಸಂಘವೇ ಸಾಕ್ಷಿ. ನಟನಿಗೆ ಅನ್ನವಿಟ್ಟ ಕೈ ಕಥೆಗಾರನಿಗೂ ಇಡಲಾರದೆ? ನೆರೆಮನೆಯಿಂದ ಎರವಲು ತಂದು ಓದುವ ಪುಸ್ತಕವನ್ನು ಒಮ್ಮೆ ಕೊಂಡು ಓದಿರಿ. ನಾಳಿನ ದಿನವನ್ನು ಕಾಣಬಲ್ಲ ಹುಡುಗ ಈಗಲೂ ಯಾವುದೋ ಅಂಗಡಿಯಲ್ಲಿ ಅರಿವೆ ಮಡಿಚುತ್ತ ನಿಂತಿರಬಹುದು.