ಕುದುರೆಯ ಕಂಬಳಿಯೂ ಕಜ್ಜಿಯ ಕ್ರಿಮಿಯೂ

ಕುದುರೆಗೆ ಹೊದಿಸುವ ಬಟ್ಟೆಗೆ ಜೂಲೆಂದೂ, ಅದು ಉಣ್ಣೆಯದಾದರೆ ಕಂಬಳಿಯೆಂದೂ ಹೆಸರು. ಅದರ ಹೊರಮೈಯನ್ನು ಹೊಗಳಿದವರು ಬಹುಮಂದಿ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿಯಾದ ದೊಮಿಂಗೊ ಪಾಯಸನು ಮಹಾನವಮಿಯ ಉತ್ಸವದಲ್ಲಿ ಸಿಂಗರಿಸಿ ತಂದ ಅರಸನ ಕುದುರೆಗಳನ್ನು ವರ್ಣಿಸಿರುವನು. ಒಳಮೈಯ ವಿಚಾರವಾದರೋ ವರ್ಣನೆಗೆ ಒಗ್ಗುವಂಥದಲ್ಲ. ಬೆವರು, ಹೊಟ್ಟು, ಉದುರಿದ ರೋಮ ಇವುಗಳೊಡನೆ ಅಶ್ವದ ಚರ್ಮವನ್ನು ಪೀಡಿಸುವ ಕ್ರಿಮಿಗಳೂ ಅಲ್ಲಿಯೇ ಸೇರಿಕೊಳ್ಳುವುವು. ಕುದುರೆಗೆ ಮದ್ದು ಹಚ್ಚಿ ಅದರ ಬಟ್ಟೆಯನ್ನು ಹಾಗೆಯೇ ಬಿಟ್ಟರೆ ಗುಣವಾದ ರೋಗವು ಮರಳಿ ಬರುವುದು. ಈ ಸಣ್ಣ ಸಂಗತಿಯು ಶಾಸ್ತ್ರಕಾರರ ದೃಷ್ಟಿಗೂ ಸೇನಾಪತಿಗಳ ದೃಷ್ಟಿಗೂ ಬಿದ್ದ ಬಗೆಯು ವಿಚಾರಾರ್ಹವಾಗಿದೆ.

ಈ ಕ್ರಿಮಿಗಳಲ್ಲಿ ಎರಡು ವರ್ಗಗಳುಂಟು. ಹೇನು ಬರಿಗಣ್ಣಿಗೆ ಕಾಣುವುದು. ತನ್ನ ಸೀರನ್ನು ರೋಮಕ್ಕೆ ಅಂಟಿಸುವುದು. ಕಜ್ಜಿಯ ನುಸಿಯು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ನುಸಿಗಳಲ್ಲಿ ಒಂದು ಜಾತಿಯು ಚರ್ಮದೊಳಗೆ ಬಿಲವನ್ನು ಕೊರೆದು ಮೊಟ್ಟೆಯಿಡುವುದು; ಮತ್ತೊಂದು ಅಯಾಲು ಮತ್ತು ಬಾಲದ ಬುಡದಲ್ಲಿ ಹಕ್ಕಳೆಗಳ ಅಡಿಯಲ್ಲಿರುವುದು; ಮೂರನೆಯದು ಹೆಚ್ಚಾಗಿ ಕಾಲುಗಳನ್ನು ಹಿಡಿಯುವುದು. ಕುದುರೆಯ ಮೈಯನ್ನು ಬಿಟ್ಟರೆ ಇವು ಬಹುಕಾಲ ಬದುಕಲಾರವು. ಬಿಸಿಲಿಗೆ ಒಣಗಿ ಬೇಗನೆ ಸಾಯುವುವು. ಆದರೆ ತಂಪೂ ತೇವವೂ ಕೂಡಿದ ಕಡೆಯಲ್ಲಿ ಎರಡು ಮೂರು ವಾರಗಳವರೆಗೂ ಜೀವವನ್ನು ಹಿಡಿದಿರಬಲ್ಲವು. ಮಡಿಸಿ ಲಾಯದ ಮೂಲೆಯಲ್ಲಿ ಒಟ್ಟಿದ ಕಂಬಳಿಯು ಅವಕ್ಕೆ ಹೇಳಿ ಮಾಡಿಸಿದ ಮನೆ.

ಬಟ್ಟೆಯು ಕ್ರಿಮಿಗೆ ಆಶ್ರಯವೆಂಬ ಅರಿವು ಆಯುರ್ವೇದದಲ್ಲಿ ಪ್ರಾಚೀನವಾದುದು. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಬಾಹ್ಯಮಲದಿಂದ ಹುಟ್ಟುವ ಕ್ರಿಮಿಗಳಿಗೆ ಶುಚಿತ್ವವನ್ನು ತೊರೆಯುವುದೇ ಕಾರಣವೆಂದು ಹೇಳಿದೆ. ತಲೆಗೂದಲು, ಗಡ್ಡಮೀಸೆ, ಮೈರೋಮ, ರೆಪ್ಪೆಗೂದಲುಗಳೊಡನೆ ವಸ್ತ್ರವನ್ನೂ ಅವುಗಳ ಸ್ಥಾನವೆಂದು ಎಣಿಸಿದೆ. ಅವು ಎಳ್ಳಿನ ಆಕಾರದವು, ಅಣುಗಳು, ಬಹುಪಾದಗಳು. ಅವುಗಳನ್ನು ಕಿತ್ತು ತೆಗೆಯುವುದು, ಮಲವನ್ನು ನಾಶಮಾಡುವುದು, ಮಲವನ್ನು ಹೆಚ್ಚಿಸುವ ವಸ್ತುಗಳನ್ನು ಬಿಡುವುದು, ಇವೇ ಚಿಕಿತ್ಸೆ. ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುವಿನ ಹಾಸಿಗೆ ಹೊದಿಕೆಗಳ ವಿಷಯ ಬರುವುದು. ಬೆವರು, ಮಲ, ಜಂತುಗಳು ಸೇರಿದುವನ್ನು ಬಿಸಾಡಬೇಕು. ಬೇರೆ ಇಲ್ಲದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪಕೊಟ್ಟು, ಒಣಗಿಸಿ ಬಳಸಬೇಕು. ಧೂಪಕ್ಕೆ ಯವ, ಸಾಸಿವೆ, ಅಗಸೆ, ಇಂಗು, ಗುಗ್ಗುಳ, ಬಜೆ ಮೊದಲಾದುವು ತುಪ್ಪದೊಡನೆ ವಿಹಿತವಾಗಿವೆ. ಬೇರೆ ಬಟ್ಟೆಯಿಲ್ಲದ ಬಡವನನ್ನೂ ಶಾಸ್ತ್ರವು ಮರೆಯಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕದ್ದು. ಸುಶ್ರುತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಮೆಯನ್ನೂ ಒಳಗೊಂಡ ಕುಷ್ಠವರ್ಗದ ನಿದಾನವನ್ನು ಮುಗಿಸುವಾಗ, ಒಬ್ಬನಿಂದೊಬ್ಬನಿಗೆ ರೋಗವನ್ನು ಸಾಗಿಸುವ ವಸ್ತುಗಳಲ್ಲಿ ಹಾಸಿಗೆ, ಬಟ್ಟೆ, ಮಾಲೆ, ಅನುಲೇಪನಗಳನ್ನು ಹೆಸರಿಸಿರುವನು.

ಇಷ್ಟರಿಂದ ಕಜ್ಜಿಯ ನುಸಿಯು ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಎಳ್ಳಿನಾಕಾರದ ಕ್ರಿಮಿಯು ಹೇನೇ ಹೊರತು ನುಸಿಯಲ್ಲ. ಪಾಮೆಯನ್ನು ಅವರು ದೋಷಪ್ರಕೋಪದಿಂದಲೇ ವಿವರಿಸಿದರು. ಶಾಲಿಹೋತ್ರನ ಹೆಸರಿನಿಂದ ಬೆಳೆದ ಅಶ್ವವೈದ್ಯವೂ ವಾತಪಿತ್ತಕಫಗಳ ಮಾರ್ಗವನ್ನೇ ಹಿಡಿಯಿತು. ದೋಷವು ದೇಹದ ಒಳಗಿರುವಾಗ ಹೊದಿಕೆಯನ್ನು ಶಂಕಿಸುವುದಕ್ಕೆ ಅವಕಾಶವೆಲ್ಲಿಯದು?

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವು ಲಾಯದ ವ್ಯವಸ್ಥೆಯನ್ನು ತಿಳಿಸುವುದು. ಹುಲ್ಲು ತರುವವನು, ಕೂಳು ಬೇಯಿಸುವವನು, ಲಾಯ ಕಾಯುವವನು ಇವರೊಡನೆ ಕೂದಲು ಕತ್ತರಿಸುವ ಕೇಶಕಾರನೂ ಅಲ್ಲಿರುವನು. ಕೆಲಸ ತಪ್ಪಿದವನಿಗೆ ಆ ದಿನದ ಕೂಲಿ ಕಡಿತ. ಕುದುರೆಗೆ ದಿನಕ್ಕೆರಡು ಸಲ ಸ್ನಾನವೂ, ಗಂಧಮಾಲ್ಯಗಳೂ ವಿಹಿತ. ರೋಗವಾಹಕವೆಂದು ಸುಶ್ರುತನು ಎಣಿಸಿದ ಮಾಲ್ಯಾನುಲೇಪನಗಳೇ ಇಲ್ಲಿ ಕುದುರೆಗೆ ಉಪಚಾರ! ಒಬ್ಬ ಶಾಸ್ತ್ರಕಾರನ ಅರಿವು ಪಕ್ಕದ ಶಾಸ್ತ್ರಕ್ಕೆ ಹರಿಯದೆ ನಿಲ್ಲುವುದು ಅಪೂರ್ವವಲ್ಲ.

ಯುರೋಪಿನಲ್ಲಿಯೂ ಹೀಗೆಯೇ ಆಯಿತು. ೧೬೮೭ರಲ್ಲಿ ಇಟಲಿಯ ವೈದ್ಯ ಬೊನೊಮೊ, ಚೆಸ್ಟೋನಿಯ ಸಹಕಾರದಿಂದ ಮನುಷ್ಯನ ಕಜ್ಜಿಯ ನುಸಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ರೆಡಿ ಎಂಬ ವಿದ್ವಾಂಸನಿಗೆ ಪತ್ರಮುಖೇನ ತಿಳಿಸಿದನು. ಹಾಸುಬಟ್ಟೆ, ಕೈವಸ್ತ್ರ, ಕೈಚೀಲಗಳಿಂದ ಕಜ್ಜಿ ಹಬ್ಬುವ ಕಾರಣವೂ ಆ ಪತ್ರದಲ್ಲಿಯೇ ಇದೆ. ಆದರೂ ಪಂಡಿತರು ರಸದೋಷದ ವಾದವನ್ನು ಬಿಡಲಿಲ್ಲ. ೧೮೩೪ರಲ್ಲಿ ರೆನುಚಿಯೆಂಬ ವಿದ್ಯಾರ್ಥಿಯು ಪ್ಯಾರಿಸಿನ ಆಸ್ಪತ್ರೆಯೊಂದರಲ್ಲಿ ಸೂಜಿಯ ಮೊನೆಯಿಂದ ನುಸಿಯನ್ನು ತೆಗೆದು ತೋರಿಸಿದ ಮೇಲೆಯೇ ವಿವಾದವು ಅಡಗಿತು.

ಈ ಅರಿವಿನ ಪರೀಕ್ಷೆಯು ೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧದಲ್ಲಿ ನಡೆಯಿತು. ಫ್ರಾನ್ಸಿನ ರಣಭೂಮಿಯಲ್ಲಿ ಬ್ರಿಟಿಷ್ ಸೈನ್ಯದ ಕುದುರೆಗಳನ್ನು ಕೆಲಸಕ್ಕೆ ಬಾರದಂತೆ ಮಾಡಿದ ರೋಗಗಳಲ್ಲಿ ಕಜ್ಜಿಯು ಪ್ರಧಾನವಾದುದು. ಸುಣ್ಣ ಗಂಧಕಗಳಿಂದ ಸಿದ್ಧಪಡಿಸಿದ ದ್ರವದ ತೊಟ್ಟಿಗಳಲ್ಲಿ ಕುದುರೆಗಳನ್ನು ಈಜಿಸುತ್ತಿದ್ದರು. ಮದ್ದು ಚರ್ಮಕ್ಕೆ ತಾಕಬೇಕಾದರೆ ರೋಮವನ್ನು ಕತ್ತರಿಸಬೇಕು. ಚಳಿಗಾಲದಲ್ಲಿ ರೋಮವನ್ನು ಕತ್ತರಿಸಿದ ಕುದುರೆಗೆ ಕಂಬಳಿ ಬೇಕು. ಕಂಬಳಿಯಲ್ಲಿಯೋ ನುಸಿಯು ಕಾದಿರುವುದು. ಕಂಬಳಿಯನ್ನು ತೆಗೆದರೆ ಚಳಿ ಕೊಲ್ಲುವುದು, ಹೊದಿಸಿದರೆ ಕಜ್ಜಿ ಮರಳುವುದು. ಇದು ಬರಿಯ ತರ್ಕದ ಉಭಯಸಂಕಟವಲ್ಲ. ೧೯೧೭ರ ಏಪ್ರಿಲಿನಲ್ಲಿ ಅರಾಸಿನ ಕದನವು ಆರಂಭವಾದಾಗ ಹಿಮವು ಸುರಿಯಿತು. ರೋಮವನ್ನು ಕಳೆದುಕೊಂಡು ದಣಿದಿದ್ದ ಕುದುರೆಗಳು ಶೀತಕ್ಕೆ ಗುಂಪುಗುಂಪಾಗಿ ಬಿದ್ದುಹೋದುವು.

ಕಂಬಳಿಯನ್ನು ಶುದ್ಧಿಮಾಡುವುದಾದರೂ ಸುಲಭವಲ್ಲ. ಅದು ಕುದುರೆಗಿಂತಲೂ ಹಟಮಾರಿಯಾದ ರೋಗಿ. ನುಸಿಯು ಐವತ್ತು ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಹತ್ತು ನಿಮಿಷಗಳೊಳಗೆ ಸಾಯುವುದು ನಿಜ. ಆದರೆ ಉಣ್ಣೆಯನ್ನು ಕುದಿಸಿ ತಿಕ್ಕಿದರೆ ಅದು ಮುದುಡಿ ಗಟ್ಟಿಯಾಗಿ ಕುದುರೆಯ ಬೆನ್ನಿಗೆ ಸಾಲದಾಗುವುದು. ಹಬೆಯ ಪೆಟ್ಟಿಗೆಯಲ್ಲಿಟ್ಟರೆ ಉಣ್ಣೆ ಉಳಿಯಬಹುದು, ತೊಗಲಿನ ಪಟ್ಟಿಗಳು ಕೆಡುವುವು. ಗಂಧಕದ ಧೂಮವು ಬಣ್ಣವನ್ನು ಕಳೆದು ಲೋಹದ ಬಕ್ಕಲುಗಳನ್ನು ತಿನ್ನುವುದು. ಯುದ್ಧದ ಕೊನೆಯ ವರ್ಷಗಳಲ್ಲಿ ಕುದುರೆಯ ತಲೆಯೊಂದನ್ನು ಹೊರಗಿರಿಸಿ ಮೈಗೆ ಇದೇ ಧೂಮವನ್ನು ಕೊಡುವ ಕೋಣೆಗಳನ್ನು ಯುರೋಪಿನ ಸೈನ್ಯಗಳಲ್ಲಿ ಬಳಸಿದರು. ಧೂಪದಿಂದ ಜಂತುವನ್ನು ಕೊಲ್ಲುವ ಚರಕನ ಉಪಾಯಕ್ಕೆ ಇದು ದೂರದ ಬಂಧುವೆನ್ನಬಹುದು. ದ್ರವ್ಯವು ಬೇರೆ, ಪ್ರಮಾಣವು ಬೇರೆ. ಮೊಟ್ಟೆಗಳು ಒಂದೇ ಸಲಕ್ಕೆ ಸಾಯವಾದುದರಿಂದ ಯಾವ ಕ್ರಮವನ್ನಾದರೂ ಮರಳಿ ನಡೆಸಬೇಕಾಗುತ್ತಿತ್ತು. ಈ ಎಲ್ಲಕ್ಕೂ ಮೊದಲು ಒಣ ಕುಂಚದಿಂದ ರೋಮವನ್ನೂ ಹೊಟ್ಟನ್ನೂ ಉದುರಿಸಿ, ಹೊಲಿಗೆಯ ಮಡಿಕೆಗಳನ್ನು ಬಿಡಿಸಿ, ಕಸವನ್ನು ಸುಡುವುದು ಅವಶ್ಯ; ನೀರು, ಶಾಖ, ಮದ್ದುಗಳಾವುವೂ ಮಡಿಕೆಯ ಕಸವನ್ನು ಚೆನ್ನಾಗಿ ಭೇದಿಸಲಾರವು.

ಈಗ ಐವರ್ಮೆಕ್ಟಿನ್ ಮೊದಲಾದ ಔಷಧಗಳಿಂದ ಕುದುರೆಯ ಮೈಯನ್ನು ಗುಣಪಡಿಸುವುದು ಸುಲಭವಾಗಿದೆ. ಕಂಬಳಿಯ ತೊಡಕು ಮಾತ್ರ ರೂಪಾಂತರದಿಂದ ಉಳಿದಿದೆ. ನೀರು ಹಿಡಿಯದ ಇಂದಿನ ಕೃತಕ ಜೂಲುಗಳನ್ನು ಹೆಚ್ಚು ಬಿಸಿಯಾದ ನೀರಿನಲ್ಲಿ ಒಗೆದರೆ ಅವುಗಳ ಲೇಪವು ಹೋಗುವುದು. ಆದಕಾರಣ ಅಂಥವನ್ನು ಕುಂಚದಿಂದ ತಿಕ್ಕಿ, ಹದವಾದ ನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕಿ, ಬಳಿಕ ಮೂರು ವಾರಗಳಿಗೆ ಕಡಿಮೆಯಿಲ್ಲದಂತೆ ಯಾವ ಕುದುರೆಗೂ ಹೊದಿಸದೆ ಒಣಗಿದ ಸ್ಥಳದಲ್ಲಿ ತೂಗುಹಾಕುವರು. ಕುದುರೆಗೊಂದರಂತೆ ಜೂಲನ್ನೂ ಕುಂಚವನ್ನೂ ಬೇರೆಬೇರೆಯಾಗಿ ಇಡುವರು.