ಮರೆಯಾಗಿ ಪಿಸ್ತೂಲು ಒಯ್ಯುವ ಹಕ್ಕು (ಅಮೆರಿಕ)

ಆತ್ಮರಕ್ಷಣೆಗಾಗಿ ಪಿಸ್ತೂಲು ಅಥವಾ ರಿವಾಲ್ವರನ್ನು ಉಡುಪಿನೊಳಗೆ, ಇತರರ ಕಣ್ಣಿಗೆ ಬೀಳದಂತೆ ಇಟ್ಟುಕೊಂಡು ಸಾರ್ವಜನಿಕ ಸ್ಥಳಗಳಲ್ಲಿ ಓಡಾಡುವ ಹಕ್ಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದರ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವರ್ಮಾಂಟ್ ಎಂದೂ ಪರವಾನಗಿ ಕೇಳಿದ್ದಿಲ್ಲ. ನ್ಯೂಯಾರ್ಕ್ 1911ರ ಸಲಿವನ್ ಕಾಯ್ದೆಯಿಂದಲೇ ಕೈಬಂದೂಕುಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಮುಂದೆ, ಅರ್ಜಿದಾರರು ತಮಗಿರುವ ವಿಶೇಷ ಅಗತ್ಯವನ್ನು ತೋರಿಸಬೇಕೆಂದೂ ವಿಧಿಸಿತು. ಅರ್ಹರೆಲ್ಲರಿಗೂ ಪರವಾನಗಿ ಕೊಡಲೇಬೇಕೆಂಬ ಫ್ಲಾರಿಡಾದ 1987ರ ಕಾನೂನು ಅನೇಕ ರಾಜ್ಯಗಳಿಗೆ ಮಾದರಿಯಾಯಿತು. ಕೊನೆಯದಾಗಿ ಇಲಿನಾಯ್ 2013ರಲ್ಲಿ ಅವಕಾಶ ಕೊಟ್ಟಿತು, ಅದೂ ನ್ಯಾಯಾಲಯದ ಆದೇಶದ ಒತ್ತಡಕ್ಕೆ.

ನಿಜವಾದ ತಿರುವು 2022ರ ಬ್ರೂಯೆನ್ ತೀರ್ಪು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದ ಈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ವಿಶೇಷ ಅಗತ್ಯದ ಷರತ್ತನ್ನು ರದ್ದುಪಡಿಸಿ, ಮನೆಯ ಹೊರಗೂ ಆಯುಧ ಧರಿಸುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕೆಂದು ಸಾರಿತು. ಇಂದು ಅರ್ಧಕ್ಕೂ ಹೆಚ್ಚು ರಾಜ್ಯಗಳು ಪರವಾನಗಿಯನ್ನೇ ಕೇಳುವುದಿಲ್ಲ. ಹಾಗಾಗಿ ಅಲ್ಲಿ ತರಬೇತಿಯೂ ಬಹುಮಟ್ಟಿಗೆ ಐಚ್ಛಿಕ. ಇದು ಈ ಸಡಿಲಿಕೆಯ ಅತ್ಯಂತ ಆತಂಕದ ಅಂಶ. ಏಕೆಂದರೆ ತರಬೇತಿಯಿಲ್ಲದವರಿಗೆ ಸುರಕ್ಷತೆಯ ಮೂಲ ಪಾಠಗಳೇ ತಿಳಿಯದಿರಬಹುದು: ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿದ ಪಿಸ್ತೂಲು ಧರಿಸಿದವರಿಗೇ ಅಪಾಯ. ನಿಯಮಗಳು ಇಷ್ಟು ಸಡಿಲಗೊಂಡರೂ ನ್ಯಾಯಾಲಯಗಳು, ವಿಮಾನ ನಿಲ್ದಾಣಗಳ ತಪಾಸಣೆಯಾಚೆಯ ಪ್ರದೇಶಗಳಂಥ ಕಡೆ ನಿಷೇಧ ಮುಂದುವರಿದಿದೆ.